ಸಹಾಯ ಬೇಕು: ಸ್ವೀಡನ್ ಮತ್ತು ಫ್ರೆಂಚ್ ಸಹೋದ್ಯೋಗಿಗಳ ನಡುವೆ ಸಿಕ್ಕಿಕೊಂಡಿದ್ದೇನೆ

ಎಲ್ಲರಿಗೂ ನಮಸ್ಕಾರ. ನಾನು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ತಂಡದ ಅರ್ಧ ಜನ ಇಲ್ಲಿದ್ದಾರೆ, ಉಳಿದವರು ಫ್ರಾನ್ಸಿನ ಲಿಯೋನ್‌ನಲ್ಲಿದ್ದಾರೆ. ಇಬ್ಬರ ನಡುವೆ ಸಮನ್ವಯ ಮಾಡುವುದು ನನ್ನ ಹೊಣೆ.

ಫ್ರೆಂಚರು ಸಭೆಯಲ್ಲಿ ಪ್ರತಿ ಅಂಶವನ್ನೂ ಹಿಡಿದು ವಾದಿಸುತ್ತಾರೆ. ವಿಷಯವನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂಬುದಕ್ಕೆ ಅದೇ ಗುರುತು. ಕೊನೆಯ ಮಾತು ಅವರ ನಿರ್ದೇಶಕರದು. ಸ್ವೀಡನ್ನಿನವರಿಗೆ ದನಿ ಏರಿದರೆ ಕಸಿವಿಸಿ, ಸುಮ್ಮನಾಗಿಬಿಡುತ್ತಾರೆ. ಆ ಮೌನವನ್ನು ಲಿಯೋನ್‌ನವರು ಒಪ್ಪಿಗೆ ಎಂದುಕೊಂಡು ಕೆಲಸ ಆರಂಭಿಸುತ್ತಾರೆ. ಇಲ್ಲಿಯವರೋ, ಎಲ್ಲರೂ ಒಪ್ಪುವ ತನಕ ಅದು ತೀರ್ಮಾನವೇ ಅಲ್ಲ ಎನ್ನುತ್ತಾರೆ. ಇಬ್ಬರೂ ಒಳ್ಳೆಯವರು, ಅದಕ್ಕೇ ನನಗೆ ಸಂಕಟ.

ಕಾರ್ಯಸೂಚಿಯನ್ನು ಮುಂಚೆಯೇ ಕಳುಹಿಸಿದೆ. ಸ್ವೀಡನ್ನಿನವರು ಟಿಪ್ಪಣಿ ಬರೆದರು, ಫ್ರೆಂಚರು ಎದುರಾಬದುರು ಮಾತನಾಡೋಣ ಎಂದರು. ಫೀಕಾ (ಸ್ವೀಡನ್ನಿನವರ ಕಾಫಿ ವಿರಾಮ) ಸಮಯದಲ್ಲಿ ಕಾಫಿ ಕುಡಿಯುತ್ತಾ ಒಬ್ಬೊಬ್ಬರನ್ನೇ ಕೇಳಿದರೆ ಇಲ್ಲಿ ಆಕ್ಷೇಪಗಳು ಹೊರಬರುತ್ತವೆ, ಆದರೆ ಅಷ್ಟರಲ್ಲಿ ತಡವಾಗಿರುತ್ತದೆ. ಇಲ್ಲಿ ಜುಲೈ, ಅಲ್ಲಿ ಆಗಸ್ಟ್ ರಜೆ. ಅದಕ್ಕೆ ಮುಂಚೆ ವಿನ್ಯಾಸ ಅಂತಿಮವಾಗಬೇಕು.

ಇಂಥ ತಂಡಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಸ್ವೀಡನ್ನಿನವರ ಒಪ್ಪಿಗೆಯನ್ನು ಸಭೆಗೆ ಮೊದಲೇ ಪಡೆಯಬೇಕೇ, ಅಥವಾ ಸಭೆಯ ನಂತರ ಇಬ್ಬರಿಂದಲೂ ಲಿಖಿತವಾಗಿ ಪಡೆಯಬೇಕೇ? ನಿಮಗೆ ಯಾವುದು ಫಲ ಕೊಟ್ಟಿತು?