ಮೈಲಾಟಿಯ ಬ್ಯಾಟರಿ, ಪೈವಳಿಕೆಯ ಸೋಲಾರ್: ಸರಕಾರದ ಹಣ ಬರುವಾಗ ನಾವು ಏನು ಕೇಳಬೇಕು?

ಬಾಯಾರು ವೈಂಡರ್ (ಪ್ರಶ್ನೆ)

ನಮಸ್ಕಾರ. ಕಾಸರಗೋಡು ಜಿಲ್ಲೆಯ ಬಾಯಾರಿನ ಹತ್ತಿರ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಉಂಟು. ಅಡಿಕೆ ತೋಟದ ಪಂಪು, ಬೋರ್‌ವೆಲ್ ಮೋಟಾರ್, ಈಗೀಗ ಸೋಲಾರ್ ಇನ್ವರ್ಟರ್ ಕೂಡ ಬರುತ್ತವೆ. ಇವತ್ತು ಕೇಳುವುದು ರಿಪೇರಿಯ ಬಗ್ಗೆ ಅಲ್ಲ.

ನಮ್ಮ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆ ಜಾಗದಲ್ಲಿ 50 ಮೆಗಾವಾಟ್‌ನ ಸೋಲಾರ್ ಸ್ಥಾವರ ಉಂಟು. 2021ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ಕೇಂದ್ರದ ಸುಮಾರು 280 ಕೋಟಿ ರೂಪಾಯಿ ಹಾಕಿದ ಯೋಜನೆ ಅದು. ಅಂಬಲತ್ತರದಲ್ಲಿ ಅದಕ್ಕೂ ಮೊದಲೇ, 2017ರಲ್ಲಿ, ಇನ್ನೊಂದು 50 ಮೆಗಾವಾಟ್ ಬಂದಿತ್ತು. ಈಗ ಮೈಲಾಟಿ ಸಬ್‌ಸ್ಟೇಷನ್‌ನಲ್ಲಿ 125 ಮೆಗಾವಾಟ್‌ನ ಬ್ಯಾಟರಿ ಯೋಜನೆ. ಕೇಂದ್ರದ ನೆರವು, ಖಾಸಗಿ ಕಂಪನಿಯ ಬಂಡವಾಳ, ಆ ಕಂಪನಿಗೆ ಬಾಡಿಗೆ ಕಟ್ಟುವುದು ಕೇರಳದ ವಿದ್ಯುತ್ ಬೋರ್ಡ್.

ಇದು ಬರಬಾರದು ಎಂದು ನಾನು ಹೇಳುವುದಿಲ್ಲ. ಬರಲೇಬೇಕು. ಸಂಜೆ ಏಳು ಗಂಟೆಗೆ ನಮ್ಮಲ್ಲಿ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಎಂದು ಸುಟ್ಟು ಬಂದ ಮೋಟಾರ್ ನೋಡಿಯೇ ಹೇಳಬಹುದು. ಆದರೆ ಸೋಲಾರ್ ಪಾರ್ಕ್ ಎಂದರೆ ಕಟ್ಟುವಾಗ ಮಾತ್ರ ಕೆಲಸ. ಕಟ್ಟಿ ಮುಗಿದ ಮೇಲೆ ಬೆರಳೆಣಿಕೆಯ ಜನ ಸಾಕು. ಬ್ಯಾಟರಿಯೂ ಹಾಗೆಯೇ, ಅಲ್ವಾ? ಕಂಟೇನರ್ ಬರುತ್ತದೆ, ಜೋಡಿಸುತ್ತಾರೆ, ಬೀಗ ಹಾಕುತ್ತಾರೆ. ನಮ್ಮಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿದ ಮಕ್ಕಳು ಬೇಲಿಯ ಹೊರಗಿನಿಂದ ನೋಡುತ್ತಾರೆ, ಮತ್ತೆ ಮಂಗಳೂರಿಗೋ ಬೆಂಗಳೂರಿಗೋ ಬಸ್ ಹತ್ತುತ್ತಾರೆ.

ಅಮೆರಿಕ, ಜರ್ಮನಿಯಲ್ಲಿ ಸರಕಾರ ಮತ್ತು ಕಂಪನಿಗಳು ಸೇರಿ ಹೊಸ ತಯಾರಿಕೆ ಕಲಿಯುವ ಕೇಂದ್ರ ನಡೆಸುತ್ತವೆ ಎಂದು ಓದಿದ್ದೆ. ಮೈಲಾಟಿಯದ್ದೂ ಅದೇ ಜಾತಿಯದ್ದಾ? ಬೇರೆಯಾದರೆ, ನಮ್ಮ ಜಿಲ್ಲೆಗೆ ಅಂಥದ್ದನ್ನು ಕೇಳುವ ದಾರಿ ಉಂಟಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಬದಿಯಡ್ಕ–ಬೆಂಗಳೂರು

ನಾನು ಬದಿಯಡ್ಕದವ. ಬೆಂಗಳೂರಿನಲ್ಲಿ ಇನ್ವರ್ಟರ್ ವಿನ್ಯಾಸದ ಕೆಲಸ. ನಿಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಮುಟ್ಟಿದೆ. ಎರಡೂ ಬೇರೆ ಬೇರೆ.

ಮೈಲಾಟಿಯದ್ದು ಒಂದು ಸೇವೆಯ ಕರಾರು. 125 ಮೆಗಾವಾಟ್, ನಾಲ್ಕು ಗಂಟೆ, ಒಟ್ಟು 500 ಮೆಗಾವಾಟ್-ಅವರ್, ಅಂದರೆ 5 ಲಕ್ಷ ಯೂನಿಟ್. ಮಧ್ಯಾಹ್ನ ಸೋಲಾರ್ ಜಾಸ್ತಿ ಇರುವಾಗ ತುಂಬುವುದು, ಸಂಜೆ ಎಲ್ಲರೂ ಲೈಟು, ಎಸಿ ಹಾಕುವ ಹೊತ್ತಿಗೆ ಗ್ರಿಡ್‌ಗೆ ಬಿಡುವುದು. 100 ಯೂನಿಟ್ ತುಂಬಿದರೆ ಸುಮಾರು 85 ವಾಪಸ್ ಸಿಗುತ್ತದೆ, ಉಳಿದದ್ದು ಬಿಸಿಯಾಗಿ, ಕೂಲಿಂಗ್‌ಗೆ ಹೋಗುತ್ತದೆ. ಬ್ಯಾಟರಿ ಇನ್ನೂ ದುಬಾರಿ. ಅದಕ್ಕೇ ಕೇಂದ್ರ ಸಂಪುಟ 2023ರ ಸೆಪ್ಟೆಂಬರಿನಲ್ಲಿ ಒಂದು ಯೋಜನೆ ಒಪ್ಪಿತು. ದೇಶದಲ್ಲಿ 4,000 ಮೆಗಾವಾಟ್-ಅವರ್ ಸಂಗ್ರಹಕ್ಕೆ, ಬಂಡವಾಳದ 40 ಶೇಕಡಾದವರೆಗೆ ನೆರವು. ಕಂಪನಿಗೆ ಆಗುವ ನಷ್ಟದ ಕಂದಕವನ್ನು ಸರಕಾರ ತುಂಬಿದರೆ ಬಾಡಿಗೆ ಇಳಿಯುತ್ತದೆ, ಬಾಡಿಗೆ ಇಳಿದರೆ ನಮ್ಮ ಬಿಲ್ಲಿನ ಮೇಲೆ ಭಾರ ಕಡಿಮೆ. ಲೆಕ್ಕ ಅಷ್ಟೇ. ಇದರಲ್ಲಿ ಹೊಸದಾಗಿ ಏನನ್ನೋ ಕಂಡುಹಿಡಿಯಬೇಕು, ಯಾರಿಗೋ ಕಲಿಸಬೇಕು ಎಂಬುದು ಗುರಿಯೇ ಅಲ್ಲ.

ಇನ್ನೊಂದು ಬಗೆ ನೋಡಿ. ಅಮೆರಿಕದ ಇಂಧನ ಇಲಾಖೆ 2014ರಲ್ಲಿ ನಾರ್ತ್ ಕೆರೊಲಿನಾದ ವಿಶ್ವವಿದ್ಯಾಲಯವೊಂದರಲ್ಲಿ 'ಪವರ್ ಅಮೆರಿಕ' ಎಂಬ ಸಂಸ್ಥೆಗೆ ಹಣ ಕೊಟ್ಟಿತು. 5 ವರ್ಷಕ್ಕೆ 7 ಕೋಟಿ ಡಾಲರ್. ಕಂಪನಿಗಳು, ವಿಶ್ವವಿದ್ಯಾಲಯ, ರಾಜ್ಯ ಸರಕಾರ ಸೇರಿ ಅಷ್ಟೇ ಹಣ ಹಾಕಬೇಕು ಎಂಬುದು ಷರತ್ತು. ವಿಷಯ ಒಂದೇ: ಸಿಲಿಕಾನ್ ಕಾರ್ಬೈಡ್, ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುಗಳಿಂದ ಪವರ್ ಚಿಪ್ ಮಾಡುವುದು. ಈ ಚಿಪ್ ಹಾಕಿದ ಇನ್ವರ್ಟರ್ ಚಿಕ್ಕದು, ಬಿಸಿ ಕಡಿಮೆ, ನಷ್ಟವೂ ಕಡಿಮೆ. ಆದರೆ ಅದನ್ನು ಮಾಡುವ ಕಾರ್ಖಾನೆ ಸಣ್ಣ ಕಂಪನಿಗೆ ಕಟ್ಟಲಿಕ್ಕೆ ಸಾಧ್ಯವೇ ಇಲ್ಲ. ಆಗ ಅವರು ಟೆಕ್ಸಾಸಿನ ಲಬ್ಬಕ್‌ನಲ್ಲಿ ಮೊದಲೇ ಇದ್ದ ಎಕ್ಸ್-ಫ್ಯಾಬ್ ಎಂಬ ಮಾಮೂಲಿ ಸಿಲಿಕಾನ್ ಕಾರ್ಖಾನೆಗೆ ನೆರವು ಕೊಟ್ಟು, ಅದೇ ಲೈನಿನಲ್ಲಿ ಸಿಲಿಕಾನ್ ಕಾರ್ಬೈಡ್ ಕೂಡ ಮಾಡುವ ಹಾಗೆ ಮಾಡಿದರು. ಸಣ್ಣ ಕಂಪನಿಗಳು ತಮ್ಮ ವಿನ್ಯಾಸ ತಂದು ಅಲ್ಲಿ ಮಾಡಿಸಿಕೊಳ್ಳಬಹುದು. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಇದೇ. ಹೊಸ ಕಟ್ಟಡ ಕಟ್ಟಲಿಲ್ಲ, ಇದ್ದ ಯಂತ್ರದ ಬಾಗಿಲನ್ನು ಹತ್ತು ಜನರಿಗೆ ತೆರೆದರು.

ಜರ್ಮನಿಯ ಫ್ರೌನ್‌ಹೋಫರ್ 1949ರಿಂದ ಉಂಟು. ಆದಾಯದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಸರಕಾರದ ನೇರ ಅನುದಾನ. ಉಳಿದದ್ದನ್ನು ಉದ್ಯಮಗಳ ಕೆಲಸ ಮಾಡಿಕೊಟ್ಟು, ಯೋಜನೆಗಳಿಗೆ ಸ್ಪರ್ಧಿಸಿ ಗಳಿಸಬೇಕು. ಹಾಗಾಗಿ ಅಲ್ಲಿಯ ಸಂಶೋಧಕರಿಗೆ ಕಾರ್ಖಾನೆಯವರ ಸಮಸ್ಯೆ ಗೊತ್ತಿರಲೇಬೇಕು.

ಕುಂಬಳೆಯ ಹಳಬ

ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಬದಿಯಡ್ಕದವರು ಹೇಳಿದ್ದು ಚೆನ್ನಾಗಿದೆ. ಆದರೆ ನಮ್ಮದೇ ಜಿಲ್ಲೆಯ ಚರಿತ್ರೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಮೈಲಾಟಿಗೆ ಖಾಸಗಿ ಬಂಡವಾಳ ಬರುವುದು ಇದು ಮೊದಲಲ್ಲ. 2001ರಲ್ಲಿ ಅಲ್ಲಿ ಸುಮಾರು 21 ಮೆಗಾವಾಟ್‌ನ ಎಣ್ಣೆ ಉರಿಸುವ ಸ್ಥಾವರ ಬಂದಿತ್ತು. ಕಟ್ಟಿದ್ದು ಖಾಸಗಿಯವರು, ವಿದ್ಯುತ್ ಕೊಳ್ಳುವ ಕರಾರು ಬೋರ್ಡಿನದ್ದು. ಎಣ್ಣೆ ದರ ಏರಿದ ಹಾಗೆ ಅಲ್ಲಿಯ ಒಂದೊಂದು ಯೂನಿಟ್ ವಿದ್ಯುತ್ತೂ ಕೈಗೆಟುಕದ ಹಾಗಾಯಿತು. ಇಂಥ ಕರಾರುಗಳಲ್ಲಿ ಯಂತ್ರ ಓಡದಿದ್ದರೂ ಕೊಳ್ಳುವವರು ಕಟ್ಟಬೇಕಾದ ನಿಗದಿ ಶುಲ್ಕ ಎಂದು ಒಂದು ಉಂಟು. ಅದಕ್ಕೇ ನಾನು ಮೊದಲು ನೋಡುವುದು, ಯಂತ್ರ ನಿಂತರೆ ನಷ್ಟ ಯಾರ ತಲೆ ಮೇಲೆ ಎಂದು. ಬ್ಯಾಟರಿಯ ಕರಾರಿನಲ್ಲೂ ಅದನ್ನೇ ನೋಡಬೇಕು. ವರ್ಷದಲ್ಲಿ ಇಷ್ಟು ಹೊತ್ತು ತಯಾರಿರಲೇಬೇಕು, ಇಲ್ಲದಿದ್ದರೆ ಬಾಡಿಗೆ ಕಡಿತ ಎಂಬುದು ಗಟ್ಟಿ ಇದ್ದರೆ ಸಾಕು.

ಇನ್ನೊಂದು ಬೆದ್ರಡ್ಕದ ಕಾರ್ಖಾನೆ. 1990ರಲ್ಲಿ ಕೇರಳ ಸರಕಾರದ ಕೆಲ್ ಸಂಸ್ಥೆಯ ಘಟಕವಾಗಿ ಶುರುವಾದದ್ದು. ರೈಲ್ವೆ ಬೋಗಿಗಳಿಗೆ ಆಲ್ಟರ್ನೇಟರ್, ಜನರೇಟರ್ ಮಾಡುತ್ತಿತ್ತು. 2011ರಲ್ಲಿ ಕೇಂದ್ರ ಸರಕಾರದ ಕಂಪನಿ ಭೆಲ್ ಸೇರಿಕೊಂಡಿತು, ಅವರ ಪಾಲು 51 ಶೇಕಡಾ, ರಾಜ್ಯದ ಪಾಲು 49. ದೊಡ್ಡ ಕಂಪನಿ ಬಂತು, ಇನ್ನು ಹೊಸ ಯಂತ್ರ, ಹೊಸ ಮಾಲು ಬರುತ್ತದೆ ಎಂದು ಊರಿನವರೆಲ್ಲ ನಂಬಿದ್ದೆವು. 2020ರಲ್ಲಿ ಕಾರ್ಖಾನೆ ನಿಂತೇ ಹೋಯಿತು. 2021ರಲ್ಲಿ ರಾಜ್ಯ ಸರಕಾರ ಭೆಲ್‌ನ ಪಾಲು ವಾಪಸ್ ತೆಗೆದುಕೊಂಡು, 2022ರ ಏಪ್ರಿಲ್ 1ರಂದು ಮತ್ತೆ ತೆರೆಯಿತು. ಎರಡೂ ಕಡೆ ಸರಕಾರವೇ ಇದ್ದ ಪಾಲುದಾರಿಕೆ ಅದು. ಆದರೂ ಹತ್ತು ವರ್ಷದ ಮೇಲೆ ಬಾಳಲಿಲ್ಲ. ಪಾಲು ಎಷ್ಟು ಎಂಬುದನ್ನು ಬರೆದರೆ ಸಾಲದು. ಯಾರು ಯಾವ ಹೊಸ ಮಾಲು ತರುತ್ತಾರೆ, ಯಾವ ವರ್ಷದೊಳಗೆ ತರುತ್ತಾರೆ, ಅದನ್ನೂ ಬರೆಯಬೇಕು.

ನೀರ್ಚಾಲಿನಿಂದ

ನಾನು ತೆಂಗಿನ ಉತ್ಪನ್ನ ಮಾಡುವ ಸಣ್ಣ ಘಟಕ ನಡೆಸುವವಳು. ಇಂಜಿನಿಯರಿಂಗ್ ಗೊತ್ತಿಲ್ಲ. ಆದರೆ ಅಮೆರಿಕಕ್ಕೆ ಹೋಗುವ ಮೊದಲು ಕೂಡ್ಲುವಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ನೋಡಬಹುದಲ್ಲ! 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಜಾಗ ಅದು.

ತೆಂಗಿನ ಹೂಗೊಂಚಲಿನಿಂದ ರಸ ಇಳಿಸುವಾಗ ಅದು ಬೇಗ ಹುಳಿ ಬಂದು ಕಳ್ಳಾಗುತ್ತದೆ. ಅವರು ಐಸ್ ಇಟ್ಟ ಒಂದು ಪೆಟ್ಟಿಗೆ ಮಾಡಿದರು. ರಸ ತಂಪಿನಲ್ಲೇ ಇಳಿಯುತ್ತದೆ, ಹುಳಿ ಬರುವುದಿಲ್ಲ. ಅದೇ ಕಲ್ಪರಸ. ತೆಂಗಿನ ಚಿಪ್ಸ್, ವರ್ಜಿನ್ ಎಣ್ಣೆಯ ವಿಧಾನಗಳೂ ಹಾಗೆ ಬಂದವು. ಕಂಡುಹಿಡಿದದ್ದು ಸರಕಾರದ ಸಂಸ್ಥೆ. ಶುಲ್ಕ ಕಟ್ಟಿ ಲೈಸೆನ್ಸ್ ತೆಗೆದುಕೊಂಡು ಮಾರುವುದು ನಮ್ಮಂಥ ಖಾಸಗಿಯವರು. ಕೈಹಿಡಿದು ಕಲಿಸುತ್ತಾರೆ, ಯಂತ್ರದ ಮುಂದೆ ನಿಲ್ಲಿಸುತ್ತಾರೆ. ನನ್ನ ಮೊದಲ ಬ್ಯಾಚ್ ಚಿಪ್ಸ್ ಆದದ್ದೇ ಹಾಗೆ ಕಲಿತು.

ಬೋರ್‌ವೆಲ್ ಪಂಪಿಗೂ ಬ್ಯಾಟರಿಗೂ ಇಂಥದ್ದೊಂದು ಜಾಗ ಯಾಕೆ ಇರಬಾರದು?

ಬಾಯಾರು ವೈಂಡರ್

ನೀರ್ಚಾಲಿನ ಅಕ್ಕ ಹೇಳಿದ್ದು ನನಗೆ ಬೇಕಾದ ಮಾತು. ಯಾಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸುಟ್ಟ ಮೋಟಾರ್ ಬಂದರೆ ಹಳೆ ತಾಮ್ರ ತೆಗೆಯಬೇಕು. ವಾರ್ನಿಷ್ ಗಟ್ಟಿ ಹಿಡಿದಿರುತ್ತದೆ. ಹೆಚ್ಚಿನ ಕಡೆ ಬೆಂಕಿ ಕೊಟ್ಟು ಸುಡುತ್ತಾರೆ. ಬಿಸಿ ಜಾಸ್ತಿಯಾದರೆ ಸ್ಟೇಟರಿನ (ಮೋಟಾರಿನ ತಿರುಗದ ಭಾಗದ) ತೆಳು ಕಬ್ಬಿಣದ ಹಾಳೆಗಳ ನಡುವಿನ ಇನ್ಸುಲೇಷನ್ ಹೋಗುತ್ತದೆ. ಆಮೇಲೆ ಎಷ್ಟು ಚೆಂದ ಸುತ್ತಿದರೂ ಆ ಕಬ್ಬಿಣ ಬಿಸಿಯಾಗುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ಪಂಪು ಓಡುತ್ತದೆ, ನೀರು ಬರುತ್ತದೆ, ತೋಟದವರಿಗೆ ಖುಷಿ. ಒಳಗೆ ಎಷ್ಟು ನಷ್ಟ ಆಗುತ್ತಿದೆ ಎಂದು ಅಳೆಯಲು ನನ್ನ ಹತ್ತಿರ ಏನೂ ಇಲ್ಲ. ಆಂಪಿಯರ್ ನೋಡಬಹುದು, ಅಷ್ಟೇ. ಲೋಡ್ ಕೊಟ್ಟು, ನೀರಿನ ಹರಿವು ಅಳೆದು, ಎಷ್ಟು ಕರೆಂಟಿಗೆ ಎಷ್ಟು ಕೆಲಸ ಎಂದು ಹೇಳುವ ಟೆಸ್ಟ್ ಬೆಂಚ್ ಬೇಕು. ಒಂದು ಅಂಗಡಿಯವನು ಅದನ್ನು ಕೊಳ್ಳಲಾರ. ಮಂಜೇಶ್ವರ ತಾಲೂಕಿನ ವೈಂಡರ್‌ಗಳೆಲ್ಲ ಸೇರಿದರೂ ಕಷ್ಟವೇ.

ಈಗ ಬಿಎಲ್‌ಡಿಸಿ, ಅಂದರೆ ಬ್ರಶ್ ಇಲ್ಲದ ಡಿಸಿ ಮೋಟಾರಿನ ಪಂಪು ಬರುತ್ತಿದೆ. ತಿರುಗುವ ರೋಟರಿನಲ್ಲಿ ಅಯಸ್ಕಾಂತ, ಮೇಲೆ ಒಂದು ಕಂಟ್ರೋಲರ್. ಕರೆಂಟ್ ಉಳಿಯುತ್ತದೆ, ಸೋಲಾರಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಕಂಟ್ರೋಲರ್ ಹೋದರೆ? ಸರ್ಕ್ಯೂಟ್ ನಕ್ಷೆ ಕೊಡುವುದಿಲ್ಲ, ಬೋರ್ಡಿನ ಮೇಲೆ ಕಪ್ಪು ರಾಳ ಸುರಿದಿರುತ್ತಾರೆ. ಕಳೆದ ಬೇಸಗೆಯಲ್ಲಿ ಒಬ್ಬರ ತೋಟದ ಪಂಪು ಹೀಗೇ ಕೈಕೊಟ್ಟಿತು. ಕಂಪನಿಯಿಂದ ಬೋರ್ಡ್ ಬರುವಷ್ಟರಲ್ಲಿ ಎಳೆ ಅಡಿಕೆ ಗಿಡಗಳು ಒಣಗಿದವು. ಆ ಮನುಷ್ಯನ ಮುಖ ನೋಡಲು ಆಗಲಿಲ್ಲ. ಈ ಕಂಟ್ರೋಲರನ್ನು ಬಿಚ್ಚಿ ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ನಮ್ಮ ಡಿಪ್ಲೊಮಾ ಮಕ್ಕಳಿಗೆ ಖಂಡಿತ ಉಂಟು. ಕಲಿಯುವ ಬೆಂಚ್ ಇಲ್ಲ.

ಇದಕ್ಕೆ ಹೊಂದುವ ಸರಕಾರಿ ಯೋಜನೆ ನಮ್ಮ ದೇಶದಲ್ಲಿ ಏನಾದರೂ ಉಂಟಾ?

ಬದಿಯಡ್ಕ–ಬೆಂಗಳೂರು

ಉಂಟು. ಭಾರೀ ಕೈಗಾರಿಕೆ ಸಚಿವಾಲಯದ ಬಂಡವಾಳ ಸರಕು (ಕಾರ್ಖಾನೆಗೆ ಬೇಕಾದ ಯಂತ್ರೋಪಕರಣ) ಯೋಜನೆಯ ಎರಡನೇ ಹಂತ 2022ರ ಜನವರಿಯಲ್ಲಿ ಪ್ರಕಟವಾಯಿತು. ಒಟ್ಟು 1,207 ಕೋಟಿ. ಅದರಲ್ಲಿ ಸರಕಾರದ್ದು 975, ಉದ್ಯಮಗಳು ಹಾಕಬೇಕಾದದ್ದು 232. ಸರಿಸುಮಾರು ಐದರಲ್ಲಿ ಒಂದು ಪಾಲು ಉದ್ಯಮದ್ದು. ಉತ್ಕೃಷ್ಟತಾ ಕೇಂದ್ರ, ಹಲವರು ಹಂಚಿಕೊಳ್ಳುವ ಇಂಜಿನಿಯರಿಂಗ್ ಸೌಲಭ್ಯ, ಪರೀಕ್ಷಾ ಕೇಂದ್ರ ಎಲ್ಲ ಅದರಲ್ಲಿ ಬರುತ್ತವೆ. ನಿಮಗೆ ನೇರ ಸಂಬಂಧ ಇರುವುದು ಕೊಯಮತ್ತೂರಿನ ಸಿಟಾರ್ಕ್. ಪಂಪು ತಯಾರಕರ ಊರಿನ ಪರೀಕ್ಷಾ ಸಂಸ್ಥೆ ಅದು. ಬಂಡವಾಳ ಸರಕು ಯೋಜನೆಯ ನೆರವಿನಲ್ಲಿ 6 ಇಂಚಿನ ಬಿಎಲ್‌ಡಿಸಿ ಬೋರ್‌ವೆಲ್ ಪಂಪು, ಅದರ ಕಂಟ್ರೋಲರ್ ಎರಡನ್ನೂ ದೇಶದಲ್ಲಿಯೇ ಅಭಿವೃದ್ಧಿಪಡಿಸಿದ್ದಾರೆ. ಅವರಲ್ಲಿಗೆ ಒಮ್ಮೆ ಹೋಗಿ ಬನ್ನಿ.

ಕಂಟ್ರೋಲರ್ ವಿಷಯಕ್ಕೆ ತಿರುವನಂತಪುರದಲ್ಲಿ ಕೇಂದ್ರ ಸರಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಉಂಟು. ಪವರ್ ಎಲೆಕ್ಟ್ರಾನಿಕ್ಸ್‌ನ ರಾಷ್ಟ್ರೀಯ ಮಿಷನ್ ಅವರ ಮೂಲಕ 2004ರಲ್ಲಿ ಶುರುವಾಯಿತು. ನಮ್ಮದೇ ರಾಜ್ಯದಲ್ಲಿರುವುದು, ಕೇಳಲು ಸಂಕೋಚ ಬೇಡ.

ಬ್ಯಾಟರಿ ಸೆಲ್ ಇಲ್ಲೇ ಮಾಡಬೇಕು ಎಂದು ಮಾತ್ರ ಈಗ ಕೇಳಬೇಡಿ. 2021ರಲ್ಲಿ ಕೇಂದ್ರ 50 ಗಿಗಾವಾಟ್-ಅವರ್ ಸೆಲ್ ಕಾರ್ಖಾನೆಗಳಿಗಾಗಿ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಇಟ್ಟಿತು. ಐದು ವರ್ಷದೊಳಗೆ ಮೌಲ್ಯದ 60 ಶೇಕಡಾ ದೇಶದಲ್ಲೇ ಆಗಬೇಕು ಎಂಬ ಷರತ್ತು. ದೊಡ್ಡ ದೊಡ್ಡ ಕಂಪನಿಗಳೇ ಅದರಲ್ಲಿ ತಡವರಿಸುತ್ತಿವೆ. ನಮ್ಮ ಜಿಲ್ಲೆ ಕೇಳಬೇಕಾದದ್ದು ಪರೀಕ್ಷೆ, ದುರಸ್ತಿ, ಕಂಟ್ರೋಲರ್. ಇದು ಆಗುವ ಕೆಲಸ.

ಕುಂಬಳೆಯ ಹಳಬ

ಜಾಗ ಹುಡುಕುವ ಕಷ್ಟವೂ ಇಲ್ಲ. ಪೊವ್ವಲಿನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಬೆದ್ರಡ್ಕದಲ್ಲಿ ಆಲ್ಟರ್ನೇಟರ್ ಮಾಡಿ ಪಳಗಿದ ಕೆಲಸಗಾರರು. ವೈಂಡಿಂಗ್ ಬಗ್ಗೆ ಅವರಿಗಿಂತ ಗೊತ್ತಿರುವವರು ಜಿಲ್ಲೆಯಲ್ಲಿ ಇಲ್ಲ. ಬಾಗಿಲು ತೆರೆಯುವುದು ಎಂದರೆ ನನ್ನ ಪ್ರಕಾರ ಬೆದ್ರಡ್ಕದ ಬಾಗಿಲು.

ಒಂದು ಮಾತು ಮರೆಯಬೇಡಿ. ತರಬೇತಿ, ಅರ್ಜಿ, ನೋಟಿಸು ಕನ್ನಡದಲ್ಲೂ ಇರಲಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಬರೀ ಭಾಷೆಯ ಕಾರಣಕ್ಕೆ ಹಿಂದೆ ಉಳಿಯಬಾರದು. ಆಮೇಲೆ ಸೇರಿಸೋಣ ಎಂದು ಬಿಟ್ಟರೆ ಅದು ಸೇರುವುದೇ ಇಲ್ಲ.

ಬಾಯಾರು ವೈಂಡರ್

ಎಲ್ಲರಿಗೂ ಉಪಕಾರ. ಮನವಿ ಬರೆಯಲು ಕೂತಿದ್ದೇನೆ. ಇಷ್ಟು ಬರೆದಾಯಿತು: ಬೆದ್ರಡ್ಕದಲ್ಲಿ ಅಥವಾ ಪೊವ್ವಲಿನಲ್ಲಿ ಮೋಟಾರ್ ಮತ್ತು ಕಂಟ್ರೋಲರ್ ಪರೀಕ್ಷಿಸುವ ಬೆಂಚ್, ಶುಲ್ಕ ಕೊಟ್ಟು ಯಾರು ಬೇಕಾದರೂ ಬಳಸುವ ಹಾಗೆ. ಮೈಲಾಟಿ, ಪೈವಳಿಕೆಯ ಸ್ಥಾವರಗಳಲ್ಲಿ ಜಿಲ್ಲೆಯ ಐಟಿಐ, ಡಿಪ್ಲೊಮಾ ಮಕ್ಕಳಿಗೆ ಪ್ರತಿ ವರ್ಷ ಅಪ್ರೆಂಟಿಸ್ ಜಾಗ. ಮುಂದೆ ಸಾರ್ವಜನಿಕ ನೆರವಿನಲ್ಲಿ ಬರುವ ಯೋಜನೆಗಳ ಕರಾರಿನಲ್ಲೇ ಈ ಜಾಗಗಳ ಲೆಕ್ಕ. ಎಲ್ಲವೂ ಕನ್ನಡದಲ್ಲಿ, ಮಲಯಾಳದಲ್ಲಿ.

ಉದ್ಯಮದ ಪಾಲು ಐದರಲ್ಲಿ ಒಂದು ಎಂದರೆ ನಾವೂ ಕೈ ಹಾಕಬೇಕು. ಉಪ್ಪಳ, ಹೊಸಂಗಡಿ, ಪೆರ್ಲ, ಮುಳ್ಳೇರಿಯದ ವೈಂಡರ್‌ಗಳ ಜೊತೆ ಮಾತಾಡುತ್ತಿದ್ದೇನೆ, ಒಂದು ಸಂಘ ನೋಂದಾಯಿಸುವ ಯೋಚನೆ. ಸಹಕಾರಿ ಸಂಘ ಒಳ್ಳೆಯದಾ, ಸುಮ್ನೆ ಸೊಸೈಟಿ ಸಾಕಾ? ಲೆಕ್ಕಪತ್ರ ಗೊತ್ತಿರುವವರು ಇದೊಂದು ಹೇಳಿ, ಮನವಿಯ ಕರಡನ್ನು ನಾಳೆ ಇಲ್ಲಿಯೇ ಹಾಕುತ್ತೇನೆ.