ಡಿಸೆಂಬರ್ 25ಕ್ಕೆ ಲಂಡನ್‌ನಲ್ಲಿ ಇಳಿಯಬಹುದಾ?

ಪ್ರಶ್ನೆ: ಅಪ್ಪ, ಅಮ್ಮ, ನಾನು ಮೊದಲ ಸಲ ವಿದೇಶಕ್ಕೆ ಹೊರಟಿದ್ದೇವೆ. ಡಿಸೆಂಬರ್ 25ರ ಮಧ್ಯಾಹ್ನ ಹೀಥ್ರೂನಲ್ಲಿ ಇಳಿಯೋದು, 30ಕ್ಕೆ ವಾಪಸ್. ನಡುವೆ ಒಂದು ದಿನ ರೈಲಲ್ಲಿ ಪ್ಯಾರಿಸ್ ನೋಡಿ ಬರುವ ಆಸೆ. ಅಪ್ಪನಿಗೆ ಮಂಡಿ ನೋವಿದೆ. ಟಿಕೆಟ್ ಇನ್ನೂ ಬುಕ್ ಮಾಡಿಲ್ಲ. ಪ್ಲ್ಯಾನ್ ಸರಿ ಇದೆಯಾ ಸರ್?

ಉತ್ತರ: ಬುಕ್ ಮಾಡುವ ಮುಂಚೆ ಕೇಳಿದ್ರಲ್ಲ, ಬಚಾವಾದ್ರಿ. ಕ್ರಿಸ್‌ಮಸ್ ದಿನ ಲಂಡನ್‌ನಲ್ಲಿ ಮೆಟ್ರೋ ಇಲ್ಲ, ಸಿಟಿ ಬಸ್ ಇಲ್ಲ, ರೈಲೂ ಇಲ್ಲ. ಹೀಥ್ರೂನಿಂದ ಟ್ಯಾಕ್ಸಿ, ಇಲ್ಲವೇ ಮೊದಲೇ ಬುಕ್ ಮಾಡಿದ ಕೋಚ್ (ದೂರ ಪ್ರಯಾಣದ ಬಸ್), ಅಷ್ಟೇ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಲಂಡನ್ ಟವರ್ ಮೂರೂ 24ರಿಂದ 26ರವರೆಗೆ ಮುಚ್ಚಿರುತ್ತವೆ. ನಿಮ್ಮ ಮೊದಲ ಎರಡು ದಿನ ಸುಮ್ನೆ ಹೋಟೆಲ್ ಬಾಡಿಗೆ ಕಟ್ಟಿದ ಹಾಗೆ. 18ಕ್ಕೆ ಇಳಿದು 23ಕ್ಕೆ ಹೊರಡಿ. ಹಬ್ಬದ ದೀಪಗಳು ಆಗಲೂ ಇರುತ್ತವೆ. ಟ್ರಾಫಲ್ಗರ್ ಚೌಕದಲ್ಲಿ ನಾರ್ವೆ ದೇಶ 1947ರಿಂದ ಪ್ರತಿ ವರ್ಷ ಕಳಿಸುವ ಕ್ರಿಸ್‌ಮಸ್ ಮರವೂ ನೋಡಲು ಸಿಗುತ್ತದೆ.

ಪ್ಯಾರಿಸ್ ಕೈಬಿಡಿ. ಭಾರತದ ಪಾಸ್‌ಪೋರ್ಟ್ ಆದರೆ ಅದಕ್ಕೆ ಬೇರೆ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ವೀಸಾ) ಬೇಕು. ರೈಲು ಎರಡೂಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ ನಿಜ, ಆದರೆ ಪಾಸ್‌ಪೋರ್ಟ್ ತಪಾಸಣೆಗೆ ಬೇಗ ಹೋಗಿ ನಿಲ್ಲಬೇಕಲ್ವಾ? ಅದೂ ಅಲ್ಲದೆ ಡಿಸೆಂಬರ್‌ನಲ್ಲಿ ಸಂಜೆ ಐದರ ಹೊತ್ತಿಗೇ ಅಲ್ಲಿ ಸೂರ್ಯ ಮುಳುಗಿರುತ್ತಾನೆ.

ಪ್ರಶ್ನೆ: ಸರಿ ಸರ್, 18 ಅಂತಲೇ ಇಟ್ಟುಕೊಂಡೆ. ಅಪ್ಪನಿಗೆ ಮೆಟ್ಟಿಲು ಹತ್ತೋದೇ ಕಷ್ಟ. ಓಡಾಟ ಹೇಗೆ? ಪೌಂಡ್ ನೋಟು ಎಷ್ಟು ಇಟ್ಟುಕೊಳ್ಳಲಿ?

ಉತ್ತರ: ವಿಮಾನ ನಿಲ್ದಾಣದಿಂದ ಎಲಿಜಬೆತ್ ಲೈನ್ ಅನ್ನೋ ರೈಲು ಹಿಡಿಯಿರಿ. 2022ರಲ್ಲಿ ಶುರುವಾದದ್ದು, ಎಲ್ಲಾ ನಿಲ್ದಾಣಗಳಲ್ಲೂ ಲಿಫ್ಟ್ ಅಥವಾ ಇಳಿಜಾರು ಇದೆ. ಹಳೇ ಟ್ಯೂಬ್ (ಲಂಡನ್ ಮೆಟ್ರೋ) ನಿಲ್ದಾಣಗಳಲ್ಲಿ ಆ ಭಾಗ್ಯ ಇಲ್ಲ, ಎಷ್ಟೋ ಕಡೆ ಬರೀ ಮೆಟ್ಟಿಲು. ಊರೊಳಗೆ ಬಸ್ಸೇ ವಾಸಿ, ಎಲ್ಲವೂ ತಗ್ಗು ನೆಲದವು. 15ನೇ ನಂಬರ್ ಬಸ್ ಟ್ರಾಫಲ್ಗರ್ ಚೌಕದಿಂದ ಸೇಂಟ್ ಪಾಲ್ಸ್ ಚರ್ಚಿನ ಪಕ್ಕದಲ್ಲೇ ಹಾದು ಲಂಡನ್ ಟವರ್‌ಗೆ ಹೋಗುತ್ತದೆ. ಅಪ್ಪನನ್ನು ಕಿಟಕಿ ಪಕ್ಕ ಕೂರಿಸಿ, ಅರ್ಧ ಊರು ಕೂತಲ್ಲೇ ನೋಡುತ್ತಾರೆ.

ನೋಟು ತುರ್ತಿಗೆ ಸ್ವಲ್ಪ ಇದ್ದರೆ ಸಾಕು. ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದೇ ಇಲ್ಲ. ಹಳದಿ ಬಣ್ಣದ ಯಂತ್ರಕ್ಕೆ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಮುಟ್ಟಿಸಿ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು, ವಿದೇಶಿ ಬಳಕೆ ಆನ್ ಆಗಿರಬೇಕು. ಬಸ್ಸಿಗೆ ಹತ್ತುವಾಗ ಒಂದೇ ಸಲ. ರೈಲಿಗೆ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ. ನಾನು ಮೊದಲ ಸಲ ಹೋದಾಗ ಒಳಗೆ ಕಾರ್ಡ್ ಮುಟ್ಟಿಸಿ, ಹೊರಗೆ ಬರುವಾಗ ಫೋನ್ ಹಿಡಿದೆ. ಅದೇ ಖಾತೆಯ ಕಾರ್ಡೇ ಫೋನಲ್ಲಿ ಇದ್ದದ್ದು! ಆದರೂ ಯಂತ್ರದ ಲೆಕ್ಕದಲ್ಲಿ ಇಬ್ಬರು ಬೇರೆ ಬೇರೆ ಪ್ರಯಾಣಿಕರು. ಎರಡು ಸಲ ಗರಿಷ್ಠ ದರ ಕಟ್ ಆಯಿತು.

ಪ್ರಶ್ನೆ: ಅಮ್ಮನ ಹತ್ತಿರ ಕಾರ್ಡೇ ಇಲ್ಲವಲ್ಲ?

ಉತ್ತರ: ನಿಲ್ದಾಣದ ಯಂತ್ರದಲ್ಲಿ ಆಯ್ಸ್ಟರ್ ಕಾರ್ಡ್ (ಬಸ್ಸು, ರೈಲಿಗೆಂದೇ ಇರುವ ಪ್ರಯಾಣದ ಕಾರ್ಡ್) ಸಿಗುತ್ತದೆ, ದುಡ್ಡು ತುಂಬಿಸಿ ಕೊಡಿ.