ಎಡಗೈ ಹಿಡಿದು ಜಗ್ಗಬೇಡಿ

ತಂಗಿ, ನಾನು ಉಣಕಲ್ ಅತ್ತಿ. ಎಡಗಡೆ ಲಕ್ವಾ ಹೊಡೆದ ಅಪ್ಪನನ್ನು ದವಾಖಾನೆಯಿಂದ ಅಣ್ಣಿಗೇರಿಗೆ ಕರಕೊಂಡು ಬಂದೆವು, ಎಬ್ಬಿಸಿ ನಡೆಸಿದರೆ ಮತ್ತೆ ಲಕ್ವಾ ಹೊಡೆಯುತ್ತಾ, ಮಲಗಿಸಿಯೇ ಇಡಬೇಕಾ ಅಂತ ಕೇಳಿದ್ದೀಯ. ನಡೆಸೋದು ಆಮೇಲೆ ನೋಡೋಣ. ಮೊದಲು ಒಂದು ಮಾತು. ಅವನ ಎಡಗೈ ಹಿಡಿದು ಯಾರೂ ಜಗ್ಗಬಾರದು.

ನಿಮ್ಮ ಮಾಮಾಂದು ಗೊತ್ತಲ್ಲ. ಅವರಿಗೂ ಎಡಗಡೆಯೇ. ಮಾತು ಉಳಿದಿತ್ತು, ಕಾಲೂ ಸ್ವಲ್ಪ ಆಡುತ್ತಿತ್ತು. ನೋಡೋಕೆ ಬಂದವರೆಲ್ಲ "ಏಳ್ರಿ ಮಾಮಾ, ಚಹಾ ಕುಡೀರಿ" ಅಂತ ಆ ಸೋತ ಕೈಯನ್ನೇ ಜಗ್ಗಿ ಕೂರಿಸುತ್ತಿದ್ದರು. ಲಕ್ವಾ ಆದ ಭುಜದಲ್ಲಿ ಬಿಗಿ ಇರೋದಿಲ್ಲ, ಕೀಲು ಜಾರುತ್ತೆ. ಜಾರಿತು. ಆಮೇಲೆ ಫಿಸಿಯೋಥೆರಪಿಯವರು ಕೈ ಮುಟ್ಟಿದರೂ ಸಾಕು, ಒದರುತ್ತಿದ್ದರು. ಕಾಲು ಸುಧಾರಿಸಿತು, ಈಗ ಬಡಿಗೆ ಊರಿ ಕೆರೆ ತನಕ ಹೋಗಿ ಬರ್ತಾರೆ. ಅಂಗಿ ತೊಡಲು ಮಾತ್ರ ಇವತ್ತಿಗೂ ನಾನೇ ಬೇಕು. ಸೋತ ಕೈಗೆ ಮೊದಲು ತೋಳು ಏರಿಸಬೇಕು, ಆಮೇಲೆ ಇನ್ನೊಂದು.

ಜಗ್ಗಿದವರು ಯಾರು ಅಂತ ಕೇಳಬೇಡ, ಇದೇ ಗ್ರೂಪ್‌ನಲ್ಲಿದ್ದಾರೆ, ಕೇಳಿಸಿಕೊಳ್ಳಲಿ. ಎಳನೀರು ತಂದರು, ಪಾರಿವಾಳದ ರಕ್ತ ಹಚ್ಚು ಅಂದರು. ಒಂದು ಮಧ್ಯಾಹ್ನ ನಾನು ಕೂತಿರ್ತೀನಿ, ನೀನು ಅಡ್ಡಾಗು ಅಂದವರು ಒಬ್ಬರೂ ಇಲ್ಲ. ತವರಿನ ಹೊಲದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳೋಕೆ ಮಾತ್ರ ದವಾಖಾನೆಗೇ ಬಂದರು! ನಿಮ್ಮ ಅಪ್ಪ ಒಬ್ಬನೇ "ಈಗ ಬ್ಯಾಡ" ಅಂತ ಅವರನ್ನು ಹೊರಗೆ ಕಳಿಸಿದ. ಇರಲಿ ಬಿಡು, ಎರೆಹೊಲ ಹೋಯಿತು.

ಏನು ಹೇಳ್ತಿದ್ದೆ? ಹಾಂ, ಎಡಗೈ ಜಗ್ಗಬೇಡಿ. ಕಂಕುಳಲ್ಲಿ ಕೈ ಹಾಕಿ ಎತ್ತಲೂ ಬೇಡಿ. ಕೂತಾಗ, ಮಲಗಿದಾಗ ಆ ಕೈ ಜೋತು ಬೀಳದಂಗೆ ಕೆಳಗೆ ದಿಂಬು ಇಡಿ.

ಅಯ್ಯೋ, ನೀನು ಕೇಳಿದ್ದು ನಡೆಸೋದು ಅಲ್ವಾ. ನಡೆಸಿದ್ದಕ್ಕೆ ಲಕ್ವಾ ಮರಳಿ ಬರೋದಿಲ್ಲ. ಬಿ.ಪಿ., ಶುಗರ್ ಗುಳಿಗೆ ತಪ್ಪಿಸಿದರೆ ಬರಬಹುದು. ಡಾಕ್ಟರು ಎಬ್ಬಿಸಬಹುದು ಅಂದ ಮೇಲೆ ಸುಮ್ನೆ ಮಲಗಿಸಬೇಡ. ಬೆನ್ನಿಗೆ ಹುಣ್ಣಾಗುತ್ತೆ, ಕೀಲು ಬಿಗಿಯುತ್ತವೆ, ಇದ್ದ ಶಕ್ತಿಯೂ ಇಳಿಯುತ್ತೆ. ಮಿದುಳಿಗೆ ಮತ್ತೆ ಮತ್ತೆ ಮಾಡಿಸಿಯೇ ಕಲಿಸಬೇಕು, ಮೊದಲ 3 ತಿಂಗಳಲ್ಲಿ ಜಾಸ್ತಿ ಸುಧಾರಣೆ. ಆಮೇಲೂ ನಿಲ್ಲೋದಿಲ್ಲ, ನಿಧಾನ ಆಗುತ್ತೆ ಅಷ್ಟೆ. ಹುಬ್ಬಳ್ಳಿಯ ಕಿಮ್ಸ್ ದವಾಖಾನೆಯಲ್ಲಿ (ಈಗ ಅದರ ಹೆಸರು ಕೆಎಂಸಿಆರ್‌ಐ) ಫಿಸಿಯೋಥೆರಪಿ ಇದೆ, ಧಾರವಾಡದ ಸತ್ತೂರಿನ ಎಸ್‌ಡಿಎಂ ದವಾಖಾನೆಯಲ್ಲೂ ಇದೆ. ಡಿಸ್ಚಾರ್ಜ್ ಕಾಗದ ಒಯ್ಯಿ. ಮನೆಯಲ್ಲಿ ಮಾಡಿಸೋದನ್ನು ಅವರಿಂದಲೇ ಕಲಿತು ಬಾ, ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೋ. ಬಡಿಗೆ ಕೊಟ್ಟರೆ ಬಲಗೈಗೆ ಕೊಡು, ಸೋತ ಕಡೆಗಲ್ಲ. ಸೋಮವಾರ ಹೋಗೋದಾದರೆ ಹೇಳು, ಬುತ್ತಿ ಕಟ್ಟಿಕೊಂಡು ನಾನೇ ಕಿಮ್ಸ್‌ಗೆ ಬರ್ತೀನಿ.